ನಟಿ ಸೀರಿಯಲ್ ಬಿಟ್ಟಳಂತೆ: ಈ ‘ಅಂತೆ’ಯಿಂದ ಲಾಭ ಯಾರಿಗೆ?

ಸೀರಿಯಲ್‌ನಲ್ಲಿ ದಿನಾ ಕಾಣುತ್ತಿದ್ದ ಮುಖವೊಂದು ಒಂದು ವಾರ ಕಾಣದಿದ್ದರೆ ಸಾಕು, ನಮ್ಮ ಮೊಬೈಲ್‌ಗಳಿಗೆ ವೀಡಿಯೊಗಳು ಬರಲು ಶುರುವಾಗುತ್ತವೆ. ಸೆಟ್‌ನಲ್ಲಿ ದೊಡ್ಡ ಜಗಳವಂತೆ. ನಿರ್ಮಾಪಕನ ಜೊತೆ ಎಂತದೋ ಉಂಟಂತೆ. ಮಾನ ಹೋಗುವ ವಿಷಯ, ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲವಂತೆ. ವೀಡಿಯೊದ ಮೇಲೆ ದಪ್ಪ ಕೆಂಪು ಅಕ್ಷರ, ಪಕ್ಕದಲ್ಲಿ ಯಾವುದೋ ಹಳೆಯ ಸೀನ್‌ನಲ್ಲಿ ಅಳುತ್ತಿರುವ ನಟಿಯ ಫೋಟೊ. ಹತ್ತು ನಿಮಿಷ ಕೇಳಿದರೂ ಇದನ್ನು ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಗೊತ್ತಾಗುವುದಿಲ್ಲ. ಆದರೂ ಸಂಜೆ ಚಾ ಕುಡಿಯುವ ಹೊತ್ತಿಗೆ ಅದು ಮನೆಯ ಮಾತಾಗಿರುತ್ತದೆ. ರಾತ್ರಿ ಫ್ಯಾಮಿಲಿ ಗ್ರೂಪ್‌ಗೆ ಬರುತ್ತದೆ, ಮರುದಿನ ದುಬೈ, ದಮಾಮ್‌ನಲ್ಲಿರುವವರ ಫೋನಿಗೂ ತಲುಪುತ್ತದೆ.

ಟೈಂಪಾಸ್ ಮಾತು, ಅದಕ್ಕೆ ಯಾಕೆ ಇಷ್ಟು ತಲೆಬಿಸಿ ಎಂದು ಕೇಳುವವರಿದ್ದಾರೆ. ಟೈಂಪಾಸ್ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ಟಿವಿಯ ತೆರೆಯ ಹಿಂದೆ ಹೆಣ್ಣುಮಕ್ಕಳಿಗೆ ಕಿರುಕುಳವಾಗುತ್ತದೆ ಎಂಬ ದೂರುಗಳಿವೆ, ದುಡಿದ ಹಣ ಸಿಗದವರಿದ್ದಾರೆ, ರಾತ್ರೋರಾತ್ರಿ ಕೆಲಸ ಕಳೆದುಕೊಂಡವರಿದ್ದಾರೆ. ಇಂಥ ವಿಷಯಗಳು ಹೊರಗೆ ಬರಲು ಗಾಳಿಸುದ್ದಿ ಹೇಗೋ ಸಹಾಯ ಮಾಡುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ನಿಜಕ್ಕೂ ಆಗುವುದು ತದ್ವಿರುದ್ಧ. ಗಾಳಿಸುದ್ದಿ ಹಬ್ಬಿದಷ್ಟೂ ತಪ್ಪು ಮಾಡಿದವನಿಗೆ ಅನುಕೂಲ, ದೂರು ಕೊಟ್ಟವಳಿಗೆ ಕಷ್ಟ. ಇದಕ್ಕೆ ನಮ್ಮ ಮಕ್ಕಳೂ ನೋಡಿ ನಗುವ ಒಂದು ಸೀರಿಯಲ್‌ನ ಉದಾಹರಣೆಯೇ ಸಾಕು.

ಒಂದೇ ಸೀರಿಯಲ್, ನಾಲ್ಕು ಕತೆ

‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ 2008ರ ಜುಲೈ 28ರಂದು ಸಬ್ ಟಿವಿಯಲ್ಲಿ ಶುರುವಾಯಿತು. ಗುಜರಾತಿ ಲೇಖಕ ತಾರಕ್ ಮೆಹ್ತಾ ‘ಚಿತ್ರಲೇಖಾ’ ವಾರಪತ್ರಿಕೆಗೆ ಬರೆಯುತ್ತಿದ್ದ ಅಂಕಣವೇ ಅದಕ್ಕೆ ಮೂಲ. ಮುಂಬೈಯ ಗೋಕುಲಧಾಮ್ ಎಂಬ ವಸತಿ ಸೊಸೈಟಿಯಲ್ಲಿ ಎಲ್ಲ ಜಾತಿ, ಭಾಷೆಯ ಜನ ಒಟ್ಟಿಗೆ ಬದುಕುವ ಹಾಸ್ಯದ ಕತೆ. ನಾಲ್ಕು ಸಾವಿರಕ್ಕೂ ಹೆಚ್ಚು ಕಂತುಗಳಾಗಿವೆ. ಮುಂಬೈಯಲ್ಲಿ ಹೋಟೆಲ್, ಅಂಗಡಿ ಇಟ್ಟುಕೊಂಡಿದ್ದ ನಮ್ಮವರ ಮನೆಗಳಲ್ಲೂ, ಯೂಟ್ಯೂಬ್ ಮೂಲಕ ಊರಿನ ಮಕ್ಕಳಿಗೂ ಪರಿಚಯವಾದ ಸೀರಿಯಲ್ ಇದು. ಇಷ್ಟು ವರ್ಷ ಓಡಿದ ಸೀರಿಯಲ್‌ನಿಂದ ಕಲಾವಿದರು ಬಿಟ್ಟುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಬ್ಬೊಬ್ಬರ ವಿಷಯ ಒಂದೊಂದು ತರ.

ಮೊದಲನೆಯದು ದಯಾಬೆನ್ ಪಾತ್ರದ ದಿಶಾ ವಕಾನಿ. 2017ರಲ್ಲಿ ಹೆರಿಗೆ ರಜೆ ಮೇಲೆ ಹೋದವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಗು, ಸಂಸಾರ ಎಂದು ಮನೆಯಲ್ಲಿ ಉಳಿದರು. ನಮ್ಮ ಮನೆಗಳಲ್ಲೇ ಟೀಚರ್ ಕೆಲಸ, ನರ್ಸ್ ಕೆಲಸ ಬಿಟ್ಟು ಹೀಗೆ ಉಳಿದವರು ಎಷ್ಟು ಜನ ಇಲ್ಲ? ಆದರೆ ಗಾಳಿಸುದ್ದಿಗೆ ಅಷ್ಟು ಸಾಲಲಿಲ್ಲ. ಬರುತ್ತಾರಂತೆ, ಬರುವುದಿಲ್ಲವಂತೆ, ಜಗಳವಂತೆ ಎಂದು ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಆಕೆಗೆ ಗಂಟಲಿನ ಕ್ಯಾನ್ಸರ್ ಎಂದೇ ಹಬ್ಬಿಸಿದರು. ದಯಾಬೆನ್ ಪಾತ್ರಕ್ಕೆ ವಿಚಿತ್ರ ಸ್ವರದಲ್ಲಿ ಮಾತಾಡಿ ಮಾತಾಡಿಯೇ ಹೀಗಾಯಿತು ಎಂದು ಕಾರಣವನ್ನೂ ಜೋಡಿಸಿದರು. ಅದೇ ಸೀರಿಯಲ್‌ನಲ್ಲಿ ನಟಿಸುವ ಆಕೆಯ ಸಹೋದರ ಮಯೂರ್ ವಕಾನಿ ಮಾಧ್ಯಮದ ಮುಂದೆ ಬಂದು ಅದೆಲ್ಲ ಸುಳ್ಳು ಎಂದು ಹೇಳಬೇಕಾಯಿತು.

ಎರಡನೆಯದು ಶೈಲೇಶ್ ಲೋಧಾ. ತಾರಕ್ ಮೆಹ್ತಾ ಪಾತ್ರವನ್ನೇ ಮಾಡುತ್ತಿದ್ದವರು, ಕವಿಯೂ ಹೌದು. 2022ರಲ್ಲಿ ಹೊರಬಂದರು. ಅಹಂಕಾರ, ಜಗಳ ಎಂದು ಜನ ಮಾತಾಡುತ್ತಿದ್ದಾಗ ಅವರು ಹೋದದ್ದು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಗೆ. ದುಡಿದ ಹಣ ಬಾಕಿ ಇದೆ, ಕೊಡಿಸಿ ಎಂದು ಕೇಳಿದರು. 2023ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಒಂದು ಕೋಟಿ ರೂಪಾಯಿಗೂ ಹೆಚ್ಚು ಹಣ ಅವರಿಗೆ ಸಂದಾಯವಾಯಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಹಾಗಾದರೆ ಅದು ಕೂಲಿಯ ವಿಷಯ, ಲೆಕ್ಕಪತ್ರದ ವಿಷಯ.

ಮೂರನೆಯದು ಜೆನಿಫರ್ ಮಿಸ್ತ್ರಿ ಬನ್ಸಿವಾಲ್. ರೋಶನ್ ಸೋಧಿ ಎಂಬ ಪಾತ್ರ ಮಾಡುತ್ತಿದ್ದವರು. 2023ರ ಮೇ ತಿಂಗಳಲ್ಲಿ ಅವರು ನಿರ್ಮಾಪಕ ಅಸಿತ್ ಕುಮಾರ್ ಮೋದಿ ಮತ್ತು ತಂಡದ ಇನ್ನಿಬ್ಬರ ಮೇಲೆ ಲೈಂಗಿಕ ಕಿರುಕುಳದ ಆರೋಪವನ್ನು ಬಹಿರಂಗವಾಗಿ ಮಾಡಿದರು. ಜೂನ್‌ನಲ್ಲಿ ಮುಂಬೈಯ ಪೊವಾಯಿ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಆರೋಪಕ್ಕೆ ಒಳಗಾದವರು ಎಲ್ಲವನ್ನೂ ನಿರಾಕರಿಸಿದರು, ಆಕೆಗೆ ಸೆಟ್‌ನಲ್ಲಿ ಶಿಸ್ತು ಇರಲಿಲ್ಲ, ಹಾಗಾಗಿ ಒಪ್ಪಂದ ಮುಗಿಸಿದೆವು ಎಂದರು. ಆಕೆ ಅಲ್ಲಿಗೆ ಬಿಡಲಿಲ್ಲ, ಕಾನೂನಿನ ಪ್ರಕಾರ ಇರುವ ಸ್ಥಳೀಯ ದೂರು ಸಮಿತಿಗೆ ಹೋದರು. ಸಮಿತಿಯ ತೀರ್ಮಾನ ತನ್ನ ಪರವಾಗಿ ಬಂದಿದೆ, ಬಾಕಿ ಹಣದ ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನಿರ್ಮಾಪಕರಿಗೆ ಆದೇಶವಾಗಿದೆ ಎಂದು 2024ರ ಮಾರ್ಚ್‌ನಲ್ಲಿ ಆಕೆಯೇ ತಿಳಿಸಿದರು. ನಿರ್ಮಾಪಕರು ಆರೋಪವನ್ನು ಒಪ್ಪಿಕೊಂಡಿಲ್ಲ.

ನಾಲ್ಕನೆಯದು ಜೇಠಾಲಾಲ್ ಪಾತ್ರದ ದಿಲೀಪ್ ಜೋಶಿ. 2024ರ ನವೆಂಬರ್‌ನಲ್ಲಿ ಅವರು ರಜೆಯ ವಿಷಯಕ್ಕೆ ನಿರ್ಮಾಪಕನ ಕಾಲರ್ ಹಿಡಿದರಂತೆ, ಸೀರಿಯಲ್ ಬಿಡುತ್ತಾರಂತೆ ಎಂದು ಸುದ್ದಿ ಓಡಿತು. ಇದು ಪೂರ್ತಿ ಸುಳ್ಳು, ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಅವರೇ ಹೇಳಿಕೆ ಕೊಟ್ಟರು. ಬಿಟ್ಟೇ ಹೋಗದವರನ್ನೂ ಗಾಳಿಸುದ್ದಿ ಬಿಡಿಸಿತ್ತು.

ಈಗ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿ. ಒಬ್ಬರದ್ದು ಮಗು-ಸಂಸಾರದ ವಿಷಯ. ಒಬ್ಬರದ್ದು ಬಾಕಿ ಹಣ. ಒಬ್ಬರದ್ದು ಪೊಲೀಸ್ ಠಾಣೆಗೂ ಸಮಿತಿಗೂ ಹೋದ ಗಂಭೀರ ದೂರು. ಇನ್ನೊಬ್ಬರದ್ದು ಏನೂ ಇಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ನಾಲ್ಕಕ್ಕೂ ಒಂದೇ ಬಣ್ಣ, ಒಂದೇ ಹೆಡ್ಡಿಂಗ್: ‘ಶಾಕಿಂಗ್! ತೆರೆಯ ಹಿಂದಿನ ಕರಾಳ ಸತ್ಯ’. ಮೂರು ಸಲ ‘ಶಾಕ್’ ಆಗಿ, ಆಮೇಲೆ ಎಂತದೂ ಇಲ್ಲ ಎಂದು ಗೊತ್ತಾದವರಿಗೆ ನಾಲ್ಕನೆಯ ಸಲ ನಿಜವಾದ ದೂರು ಬಂದಾಗ ಏನು ಅನ್ನಿಸುತ್ತದೆ? ‘ಇವರದ್ದು ಯಾವಾಗಲೂ ಇದ್ದದ್ದೇ’ ಎಂದು ಅನ್ನಿಸುತ್ತದೆ. ಗಾಳಿಸುದ್ದಿಯಿಂದ ಆಗುವ ದೊಡ್ಡ ನಷ್ಟ ಇದೇ. ಸುಳ್ಳನ್ನು ನಂಬುವುದಕ್ಕಿಂತಲೂ ನಿಜ ಬಂದಾಗ ನಂಬದೆ ಹೋಗುವುದು ದೊಡ್ಡ ಅನ್ಯಾಯ.

ಇದರಿಂದ ಲಾಭ ಯಾರಿಗೆ ಎಂದರೆ ಮೊದಲು ವೀಡಿಯೊ ಮಾಡಿದವನಿಗೆ. ನೋಡಿದವರ ಲೆಕ್ಕದಲ್ಲಿ ಅವನಿಗೆ ಹಣ. ಎರಡನೆಯದಾಗಿ ಸೀರಿಯಲ್‌ಗೆ. ಪುಕ್ಕಟೆ ಪ್ರಚಾರ ಸಿಗುತ್ತದೆ, ಬಿಟ್ಟವರ ಜಾಗಕ್ಕೆ ಯಾರು ಬರುತ್ತಾರೆ ಎಂದು ನೋಡಲು ಜನ ಟಿವಿ ಹಾಕುತ್ತಾರೆ. ಮೂರನೆಯದಾಗಿ, ಎಲ್ಲಾದರೂ ನಿಜವಾಗಿ ತಪ್ಪು ಮಾಡಿ ಕೂತಿರುವವನಿಗೆ. ಅವನು ನಿಜವಾದ ಆರೋಪವನ್ನೂ ‘ಇದೂ ಅಂಥದ್ದೇ ಗಾಳಿಸುದ್ದಿ’ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು.

ಬೆಂಕಿ ಇಲ್ಲದೆ ಹೊಗೆ ಬರುತ್ತದಾ?

ಇದಕ್ಕೆ ಒಂದು ಉತ್ತರ ಬರುತ್ತದೆ, ಅದರಲ್ಲಿ ತೂಕವೂ ಇದೆ. ದೊಡ್ಡವರ ವಿರುದ್ಧ ದೂರು ಕೊಡುವುದು ಸುಲಭವಲ್ಲ. ಪೊಲೀಸರು ಬೇಗ ಕೇಳುವುದಿಲ್ಲ, ಪತ್ರಿಕೆಯವರು ಹೆದರುತ್ತಾರೆ. ಹಾಗಿರುವಾಗ ಜನ ಪಿಸುಮಾತಿನಲ್ಲಾದರೂ ಹೇಳಿಕೊಳ್ಳದಿದ್ದರೆ ವಿಷಯ ಹೊರಗೆ ಬರುವುದಾದರೂ ಹೇಗೆ? ಬೆಂಕಿ ಇಲ್ಲದೆ ಹೊಗೆ ಬರುತ್ತದಾ?

ಈ ಪ್ರಶ್ನೆಗೆ ಉತ್ತರವಾಗಿ ಎರಡು ಹೆಸರು ಹೇಳುತ್ತೇನೆ. ವಿಂಟಾ ನಂದಾ 1990ರ ದಶಕದಲ್ಲಿ ಝೀ ಟಿವಿಯಲ್ಲಿ ಬರುತ್ತಿದ್ದ ‘ತಾರಾ’ ಸೀರಿಯಲ್‌ನ ಬರಹಗಾರ್ತಿ. ಸುಮಾರು ಎರಡು ದಶಕ ಹಿಂದೆ ತನ್ನ ಮೇಲೆ ಅತ್ಯಾಚಾರವಾಗಿತ್ತು ಎಂದು ಅವರು 2018ರ ಅಕ್ಟೋಬರ್‌ನಲ್ಲಿ ತನ್ನ ಹೆಸರಿನಲ್ಲೇ ಬರೆದರು. ಆರೋಪಕ್ಕೆ ಒಳಗಾದ ಹಿರಿಯ ನಟ ನಿರಾಕರಿಸಿದರು, ಮಾನನಷ್ಟದ ಮೊಕದ್ದಮೆಯನ್ನೂ ಹಾಕಿದರು. ಆದರೆ ಕಲಾವಿದರ ಸಂಘ ಆ ನಟನನ್ನು ಸದಸ್ಯತ್ವದಿಂದ ತೆಗೆಯಿತು, ಪೊಲೀಸರು ಕೇಸು ದಾಖಲಿಸಿದರು. ಅದೇ ವರ್ಷದ ಜುಲೈಯಲ್ಲಿ, ನಮ್ಮಲ್ಲಿ ಉಳ್ಳಾಲದಿಂದ ಮಂಜೇಶ್ವರದವರೆಗೆ ಮನೆ ಮನೆಗಳಲ್ಲಿ ನೋಡುತ್ತಿದ್ದ ಫ್ಲವರ್ಸ್ ಟಿವಿಯ ‘ಉಪ್ಪುಂ ಮುಳಗುಂ’ನ ನೀಲು, ಅಂದರೆ ನಟಿ ನಿಶಾ ಸಾರಂಗ್, ಮಲಯಾಳಂ ಚಾನೆಲ್‌ನಲ್ಲಿ ಕೂತು ಮಾತಾಡಿದರು. ನಿರ್ದೇಶಕರಿಂದ ಕಿರುಕುಳ ಅನುಭವಿಸಿದ್ದೇನೆ, ಒಪ್ಪದೆ ಇದ್ದುದಕ್ಕೆ ನನ್ನನ್ನು ಸೀರಿಯಲ್‌ನಿಂದ ತೆಗೆದಿದ್ದಾರೆ ಎಂದರು. ಸುದ್ದಿ ದೊಡ್ಡದಾದ ಮೇಲೆ ಅವರೇ ನೀಲುವಾಗಿ ಮುಂದುವರಿಯುತ್ತಾರೆ ಎಂದು ಚಾನೆಲ್ ಪ್ರಕಟಿಸಿತು.

ಈ ಇಬ್ಬರದ್ದು ಗಾಳಿಸುದ್ದಿಯಲ್ಲ. ತನ್ನ ಹೆಸರು ಹೇಳಿ, ಮುಖ ತೋರಿಸಿ, ಇಂಥವನು ನನಗೆ ಹೀಗೆ ಮಾಡಿದ ಎಂದು ಹೇಳುವ ಮಾತು ಸಾಕ್ಷಿ. ಅದರಲ್ಲಿ ‘ಅಂತೆ’ ಇರುವುದಿಲ್ಲ. ಅದನ್ನು ವಿಚಾರಿಸಬಹುದು, ಪ್ರಶ್ನಿಸಬಹುದು, ಎದುರು ಪಕ್ಷದವನು ಉತ್ತರ ಕೊಡಬಹುದು. ಗಾಳಿಸುದ್ದಿಗೆ ಹೇಳಿದವನೂ ಇಲ್ಲ, ಉತ್ತರ ಕೊಡಬೇಕಾದವನೂ ಇಲ್ಲ. ಬದಲಾವಣೆ ಬಂದದ್ದು ಹೀಗೆ ಹೆಸರು ಹೇಳಿ ನಿಂತ ಹೆಣ್ಣುಮಕ್ಕಳಿಂದ. ಅವರ ಧೈರ್ಯದ ಕ್ರೆಡಿಟನ್ನು ನಮ್ಮ ಫಾರ್ವರ್ಡ್ ಮೆಸೇಜುಗಳಿಗೆ ಕೊಡುವುದು ಬೇಡ.

ಇನ್ನೊಂದು ಮಾತು ನಮ್ಮ ಮನೆಗಳಲ್ಲೇ ಹೆಚ್ಚು ಕೇಳುತ್ತದೆ. ‘ಆ ಲೈನಿಗೆ ಹೋದರೆ ಹಾಗೇ ಆಗುವುದು. ಹೋದದ್ದೇ ತಪ್ಪು.’ ಸೀರಿಯಲ್‌ನಲ್ಲಿ ನಟಿಸುವುದು ಸರಿಯೋ ಅಲ್ಲವೋ ಎಂಬ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯ ಇರಬಹುದು, ಅದು ಅವರವರಿಗೆ ಬಿಟ್ಟದ್ದು. ಆದರೆ ಒಬ್ಬಳು ಮಾಡುವ ಕೆಲಸ ನಮಗೆ ಇಷ್ಟವಿಲ್ಲ ಎಂಬುದು ಅವಳ ಮೇಲೆ ಕೈ ಹಾಕಲು ಯಾರಿಗೂ ಕೊಟ್ಟ ಪರವಾನಿಗೆ ಆಗುವುದಿಲ್ಲ. ಅವಳ ಕೂಲಿಯನ್ನು ತಿಂದುಹಾಕಲೂ ಆಗುವುದಿಲ್ಲ. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿತವರು ನಾವು. ಅಲ್ಲಿ ನಟನೆಯ ಕೂಲಿ ಬೇರೆ, ಬೀಡಿಯ ಕೂಲಿ ಬೇರೆ ಎಂದು ಇಲ್ಲ.

ಬಾಯಿ ಕಟ್ಟಿಹಾಕುವುದು ಯಾವುದು?

ಹಾಗಾದರೆ ತೊಂದರೆ ಆದವರು ನೇರವಾಗಿ ಯಾಕೆ ಹೇಳುವುದಿಲ್ಲ? ಸುಮ್ಮನೆ ‘ವೈಯಕ್ತಿಕ ಕಾರಣ’ ಎಂದು ಬರೆದು ಯಾಕೆ ಹೋಗುತ್ತಾರೆ? ಸೀರಿಯಲ್ ಕೆಲಸದ ರೀತಿ ನೋಡಿದರೆ ಅರ್ಥವಾಗುತ್ತದೆ. ಇಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ, ದಿನದ ಲೆಕ್ಕ. ಶಿಫ್ಟ್ ಎಂದರೆ ಸಾಮಾನ್ಯವಾಗಿ ಹನ್ನೆರಡು ಗಂಟೆ. ಮುಂಬೈಯ ಟಿವಿ ಲೋಕದಲ್ಲಿ ಮಾಡಿದ ಕೆಲಸಕ್ಕೆ ತೊಂಬತ್ತು ದಿನಗಳ ನಂತರ ಹಣ ಕೊಡುವ ಪದ್ಧತಿ ಬೇರೂರಿದೆ. ಅಂದರೆ ಇವತ್ತು ಜಗಳ ಮಾಡಿ ಹೊರಬಂದರೆ ಮೂರು ತಿಂಗಳ ದುಡಿಮೆ ಅವರ ಕೈಯಲ್ಲೇ ಉಳಿಯುತ್ತದೆ. ಒಪ್ಪಂದ ಬರೆಯುವವರು ನಿರ್ಮಾಪಕರು, ಅದರಲ್ಲಿ ಬೇರೆ ಕಡೆ ಕೆಲಸ ಮಾಡಬಾರದು, ಹೊರಗೆ ಮಾತಾಡಬಾರದು ಎಂಬ ಷರತ್ತುಗಳಿರುತ್ತವೆ. ಕತೆಯಲ್ಲಿ ಪಾತ್ರವನ್ನು ಒಂದು ಅಪಘಾತದಲ್ಲಿ ಸಾಯಿಸಲು ಒಂದು ದಿನದ ಶೂಟಿಂಗ್ ಸಾಕು.

ಕನ್ನಡ ಕಿರುತೆರೆಯಲ್ಲೂ ಇದನ್ನು ಕಂಡಿದ್ದೇವೆ. 2022ರ ಆಗಸ್ಟ್‌ನಲ್ಲಿ ಝೀ ಕನ್ನಡದ ‘ಜೊತೆ ಜೊತೆಯಲಿ’ಯಿಂದ ನಟ ಅನಿರುದ್ಧ್ ಅವರನ್ನು ತೆಗೆದರು. ಸೆಟ್‌ನಲ್ಲಿ ಸರಿಯಾಗಿ ನಡೆದುಕೊಳ್ಳಲಿಲ್ಲ, ಅರ್ಧದಲ್ಲಿ ಎದ್ದುಹೋದರು ಎಂಬುದು ನಿರ್ಮಾಪಕರ ದೂರು. ಎರಡು ವರ್ಷ ಯಾರೂ ಅವರಿಗೆ ಸೀರಿಯಲ್‌ನಲ್ಲಿ ಅವಕಾಶ ಕೊಡಬಾರದು ಎಂಬ ಮಾತೂ ನಿರ್ಮಾಪಕರ ಕಡೆಯಿಂದ ಬಂತು. ಅನಿರುದ್ಧ್ ಆರೋಪಗಳನ್ನು ಒಪ್ಪಲಿಲ್ಲ. ಅವರ ಜಾಗಕ್ಕೆ ಹರೀಶ್ ರಾಜ್ ಬಂದರು. ಅಲ್ಲಿ ಯಾರದ್ದು ಸರಿ ಎಂದು ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಎರಡು ಕಡೆಯ ಮಾತನ್ನೂ ಕೂತು ಕೇಳಿ, ಬರೆದು, ತೀರ್ಮಾನ ಹೇಳುವ ಒಂದು ಸ್ವತಂತ್ರ ಜಾಗ ಎಲ್ಲಿತ್ತು? ಎಲ್ಲವೂ ಟಿವಿ ಕ್ಯಾಮೆರಾದ ಮುಂದೆ, ಸುದ್ದಿಗೋಷ್ಠಿಗಳಲ್ಲಿ ನಡೆಯಿತು. ಹೆಸರಿರುವ ನಾಯಕ ನಟನಿಗೇ ಹೀಗಾದರೆ ಹೊಸದಾಗಿ ಬಂದ ಇಪ್ಪತ್ತು ವರ್ಷದ ಹುಡುಗಿ ಕಿರುಕುಳದ ದೂರನ್ನು ಯಾರ ಮುಂದೆ ಹೇಳಬೇಕು?

ಕೇರಳದ ಹೇಮಾ ಸಮಿತಿಯ ವರದಿ ಸಿನೆಮಾದ ಬಗ್ಗೆ. ಆದರೆ ಅದರಲ್ಲಿರುವ ವಿಷಯ ಕಿರುತೆರೆಗೂ ಪಾಠ. 2017ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ಒಬ್ಬ ನಟಿಯ ಮೇಲೆ ಕಾರಿನಲ್ಲಿ ನಡೆದ ದೌರ್ಜನ್ಯದ ನಂತರ ಸರಕಾರ ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ ಅವರ ಸಮಿತಿ ಮಾಡಿತು. ಹಿರಿಯ ನಟಿ ಶಾರದಾ ಮತ್ತು ನಿವೃತ್ತ ಐಎಎಸ್ ಅಧಿಕಾರಿ ಕೆ.ಬಿ. ವಲ್ಸಲಕುಮಾರಿ ಅದರ ಸದಸ್ಯರು. 2019ರ ಡಿಸೆಂಬರ್ 31ರಂದು ವರದಿ ಮುಖ್ಯಮಂತ್ರಿಯ ಕೈ ಸೇರಿತು. ಜನರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು, ಅದೂ ಕೆಲವು ಭಾಗ ಅಳಿಸಿ. ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಅದು ಬೀರುವಿನಲ್ಲಿತ್ತು. ಅಷ್ಟು ಕಾಲ ಹೊರಗೆ ಓಡಾಡಿದ್ದು ಯಾರ ಹೆಸರಿದೆಯಂತೆ, ಯಾರದ್ದಿಲ್ಲವಂತೆ ಎಂಬ ಮಾತು ಮಾತ್ರ. ಕೊನೆಗೆ ವರದಿ ಓದಿದವರಿಗೆ ಸಿಕ್ಕಿದ್ದು ಬಹಳ ಸಾದಾ ಸತ್ಯಗಳು. ಹೆಂಗಸರಿಗೆ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ, ಬರಹದ ಒಪ್ಪಂದ ಇಲ್ಲ, ದೂರು ಕೊಟ್ಟರೆ ಮುಂದೆ ಅವಕಾಶ ಇಲ್ಲ ಎಂಬ ಭಯ. ವರದಿ ಬಂದ ಒಂದೇ ವಾರದಲ್ಲಿ ಹಲವರು ಹೆಸರು ಹೇಳಿ ಮುಂದೆ ಬಂದರು. ಸರಕಾರ ವಿಶೇಷ ತನಿಖಾ ತಂಡ ಮಾಡಿತು. ಕಲಾವಿದರ ಸಂಘ ‘ಅಮ್ಮ’ದ ಕಾರ್ಯಕಾರಿ ಸಮಿತಿಯೇ ಆಗಸ್ಟ್ 27ರಂದು ರಾಜೀನಾಮೆ ಕೊಟ್ಟಿತು. ಇಷ್ಟು ವರ್ಷದ ಪಿಸುಮಾತು ಮಾಡದ್ದನ್ನು ಒಂದು ವರದಿ ಮಾಡಿತು. ಅದನ್ನು ನೋಡಿ ಕರ್ನಾಟಕದಲ್ಲೂ ಅಂಥ ಸಮಿತಿ ಬೇಕೆಂದು ‘ಫೈರ್’ ಸಂಘಟನೆಯವರು 2024ರ ಸೆಪ್ಟಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯರಿಗೆ ಮನವಿ ಕೊಟ್ಟರು.

ಕಾನೂನು ಹೇಳುವುದೇನು?

ಇದು ಸಿನೆಮಾ-ಸೀರಿಯಲ್‌ನವರ ಕಾನೂನು ಎಂದು ತಿಳಿಯಬೇಡಿ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋಗಿದ್ದ ಕಾರ್ಯಕರ್ತೆ ಭಂವರಿ ದೇವಿಯ ಮೇಲೆ ಅತ್ಯಾಚಾರವಾದ ನಂತರ, ‘ವಿಶಾಖಾ’ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಜಾಗಗಳಿಗೆ ನಿಯಮ ಹಾಕಿತು. ಅದೇ 2013ರಲ್ಲಿ ಕಾಯ್ದೆಯಾಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಕಡೆ ಒಂದು ಆಂತರಿಕ ಸಮಿತಿ ಇರಬೇಕು. ಅದರ ಮುಖ್ಯಸ್ಥೆ ಅಲ್ಲೇ ಕೆಲಸ ಮಾಡುವ ಹಿರಿಯ ಮಹಿಳೆ, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಸಿನೆಮಾ ನಿರ್ಮಾಣ ಘಟಕಗಳಿಗೂ ಇದು ಅನ್ವಯಿಸುತ್ತದೆ ಎಂದು ಕೇರಳ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿ, ಕ್ಲಿನಿಕ್, ಆಫೀಸು ಆದರೆ? ಅಥವಾ ದೂರು ಇರುವುದು ಧಣಿಯ ಮೇಲೆಯೇ ಆದರೆ? ಆಗ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಪ್ರತಿ ಜಿಲ್ಲೆಯಲ್ಲೂ ಅದು ಇರಬೇಕೆಂದು ಕಾನೂನು ಹೇಳುತ್ತದೆ. ಮನೆಗೆಲಸಕ್ಕೆ ಹೋಗುವವರಿಗೂ ಇದೇ ಸಮಿತಿ. ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲು ಬಾರದವರಿಗೆ ಬರೆದುಕೊಡಲು ಸಮಿತಿಯವರೇ ಸಹಾಯ ಮಾಡಬೇಕು. ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದವರು 181ಕ್ಕೆ ಫೋನ್ ಮಾಡಿ ಕೇಳಬಹುದು, ಅದು ಮಹಿಳೆಯರ ಸಹಾಯವಾಣಿ.

ಈ ಕಾನೂನಿನಲ್ಲಿ ಇನ್ನೊಂದು ಮುಖ್ಯ ಅಂಶ ಇದೆ. ದೂರು ಕೊಟ್ಟವಳ ಹೆಸರು, ಆರೋಪಕ್ಕೆ ಒಳಗಾದವನ ಹೆಸರು, ವಿಚಾರಣೆಯ ವಿವರ ಯಾವುದನ್ನೂ ಪ್ರಚಾರ ಮಾಡುವಂತಿಲ್ಲ. ಅವಳ ಮಾನವೂ ಉಳಿಯಬೇಕು, ತೀರ್ಮಾನ ಆಗುವವರೆಗೆ ಅವನ ಮಾನವೂ ಉಳಿಯಬೇಕು ಎಂಬುದು ಇದರ ಉದ್ದೇಶ. ‘ನಮ್ಮ ಹುಡುಗನ ಮೇಲೆ ಯಾರಾದರೂ ಸುಳ್ಳು ಹೇಳಿದರೆ ಎಂತ ಮಾಡುವುದು’ ಎಂದು ಹೆದರುವ ಉಮ್ಮಂದಿರೂ ಇದ್ದಾರೆ. ಅವರಿಗೂ ಇದೇ ಉತ್ತರ. ಸಮಿತಿಯ ಮುಂದೆ ಹುಡುಗನಿಗೆ ಉತ್ತರ ಕೊಡುವ ಹಕ್ಕಿದೆ, ವಾಟ್ಸ್‌ಆ್ಯಪ್ ಗ್ರೂಪ್‌ನ ಮುಂದೆ ಅವನಿಗೂ ಇಲ್ಲ. ಹಾಗೆಯೇ ದೂರು ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಹುಡುಗಿಯನ್ನು ಶಿಕ್ಷಿಸುವಂತಿಲ್ಲ ಎಂದೂ ಕಾನೂನಿನಲ್ಲಿದೆ.

ಮಾತು ನಮ್ಮ ಮನೆಗೆ ಬಂದಾಗ

ಯಾರೋ ಮುಂಬೈಯ ನಟಿಯ ವಿಷಯಕ್ಕೆ ಇಷ್ಟೆಲ್ಲ ಯಾಕೆ ಎಂದರೆ, ಟಿವಿ ನೋಡಿ ಕಲಿತ ಮಾತಿನ ರೂಢಿ ಟಿವಿಯಲ್ಲೇ ನಿಲ್ಲುವುದಿಲ್ಲ. ಈಗ ನಮ್ಮ ಹುಡುಗಿಯರು ಪಿಯುಸಿ, ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾರೆ. ಆಸ್ಪತ್ರೆ, ಲ್ಯಾಬ್, ಶಾಲೆ, ಬಟ್ಟೆ ಅಂಗಡಿಯ ಬಿಲ್ಲಿಂಗ್, ಆಡಿಟರ್ ಆಫೀಸು, ಐಟಿ ಕಂಪೆನಿ, ಸುದ್ದಿ ಚಾನೆಲ್. ಇಷ್ಟು ದೂರ ಬರಲು ಎಷ್ಟು ಮನೆಗಳಲ್ಲಿ ಎಷ್ಟು ಮಾತುಕತೆ ಆಗಿದೆ ಎಂದು ನಮಗೆ ಗೊತ್ತುಂಟು.

ಅಂಥ ಒಬ್ಬ ಹುಡುಗಿ ಏಳು ತಿಂಗಳಲ್ಲಿ ಕೆಲಸ ಬಿಟ್ಟಳು ಎಂದುಕೊಳ್ಳಿ. ಎರಡು ತಿಂಗಳ ಸಂಬಳ ಕೊಟ್ಟಿರಲಿಕ್ಕಿಲ್ಲ. ಸಂಜೆ ಬಸ್ ಸಿಗದೆ ಕಷ್ಟವಾಗಿರಬಹುದು. ಬಾಪನಿಗೆ ಹುಷಾರಿಲ್ಲದಿರಬಹುದು. ಅಥವಾ ನಿಜವಾಗಿಯೂ ಅಲ್ಲಿ ಯಾರೋ ಕೆಟ್ಟದಾಗಿ ನಡೆದುಕೊಂಡಿರಬಹುದು. ಆದರೆ ಮದುವೆ ಮನೆಯಲ್ಲಿ ಕೂತವರ ಬಾಯಲ್ಲಿ ಬರುವುದು ಒಂದೇ: ‘ಎಂತದೋ ಆಗಿರಬೇಕು, ಇಲ್ಲದಿದ್ದರೆ ಬಿಡ್ತಾಳಾ?’ ಸೀರಿಯಲ್ ನಟಿಯ ವಿಷಯದಲ್ಲಿ ಕೇಳಿದ ಅದೇ ಮಾತು, ಅದೇ ರಾಗ. ಒಂದು ವಾರದಲ್ಲಿ ಅದು ಅವಳ ಮದುವೆ ಮಾತುಕತೆಯವರೆಗೂ ಹೋಗುತ್ತದೆ. ಅವಳ ತಂಗಿಗೆ ಕೆಲಸಕ್ಕೆ ಹೋಗುವ ದಾರಿ ಬಂದ್ ಆಗುತ್ತದೆ.

ಇದನ್ನೆಲ್ಲ ಪಕ್ಕದಲ್ಲಿ ಕೂತು ಕೇಳುತ್ತಿರುವ ಇನ್ನೊಬ್ಬಳು ಹುಡುಗಿ ಇರುತ್ತಾಳೆ. ಅವಳಿಗೆ ನಿಜವಾಗಿಯೂ ಕೆಲಸದ ಜಾಗದಲ್ಲಿ ತೊಂದರೆ ಇರಬಹುದು. ಅವಳು ಏನು ಕಲಿಯುತ್ತಾಳೆ? ಹೇಳಿದರೂ ಮಾನ ಹೋಗುತ್ತದೆ, ಹೇಳದೆ ಬಿಟ್ಟರೂ ಮಾನ ಹೋಗುತ್ತದೆ, ಹಾಗಾಗಿ ಸಹಿಸಿಕೊಂಡು ಇರುವುದೇ ಒಳ್ಳೆಯದು ಎಂದು ಕಲಿಯುತ್ತಾಳೆ. ಅವಳಿಗೆ ತೊಂದರೆ ಕೊಡುವವನಿಗೆ ಬೇಕಾದದ್ದೂ ಅಷ್ಟೇ. ಅವಳ ಬಾಯಿ ಮುಚ್ಚಿಸಲು ಅವನು ಏನೂ ಮಾಡಬೇಕಾಗಿಲ್ಲ, ಆ ಕೆಲಸವನ್ನು ನಾವೇ ಮಾಡಿ ಕೊಟ್ಟಿರುತ್ತೇವೆ.

ಗೀಬತ್ ಎಂದರೇನು ಎಂದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಸುದ್ದಿ ತಂದವನ ಮಾತನ್ನು ಮೊದಲು ವಿಚಾರಿಸಿ ನೋಡಬೇಕೆಂಬ ಪಾಠವೂ ಗೊತ್ತು. ಆದರೆ ಟಿವಿಯವರ ವಿಷಯಕ್ಕೆ ಬಂದಾಗ ಆ ಪಾಠ ಅನ್ವಯಿಸುವುದಿಲ್ಲ ಎಂದುಕೊಂಡ ಹಾಗಿದೆ. ಅವರು ನಮಗೆ ಪರಿಚಯದವರಲ್ಲ, ಅವರಿಗೆ ಕೇಳಿಸುವುದೂ ಇಲ್ಲ ಎಂಬ ಧೈರ್ಯ. ಅವರಿಗೆ ಕೇಳಿಸದಿರಬಹುದು. ನಮ್ಮ ಮನೆಯಲ್ಲಿ ಕೂತಿರುವ ಹುಡುಗಿಗೆ ಕೇಳಿಸುತ್ತದೆ.

ಹಾಗೆಂದು ಇಂಥ ವಿಷಯ ಮಾತಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಮಾತಾಡದೆ ಇದ್ದರೆ ಅದೂ ತಪ್ಪು ಮಾಡಿದವನಿಗೇ ಲಾಭ. ಮಾತಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಆದವರೇ ಇದನ್ನು ಹೇಳಿದ್ದಾರಾ? ದೂರು ಎಲ್ಲಾದರೂ ದಾಖಲಾಗಿದೆಯಾ, ಪೊಲೀಸರಲ್ಲೋ ಕೋರ್ಟ್‌ನಲ್ಲೋ ಸಮಿತಿಯಲ್ಲೋ? ಎದುರು ಪಕ್ಷದವರು ಏನು ಹೇಳಿದ್ದಾರೆ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ವೀಡಿಯೊವನ್ನು ಅಲ್ಲೇ ಡಿಲೀಟ್ ಮಾಡಿ. ಉತ್ತರ ಇದ್ದರೆ ಆಗ ಮಾತಾಡಿ, ಮನೆಯ ಗಂಡುಮಕ್ಕಳ ಮುಂದೆಯೂ ಮಾತಾಡಿ. ಜೆನಿಫರ್ ಮಿಸ್ತ್ರಿ ದೂರು ತೆಗೆದುಕೊಂಡು ಎಲ್ಲೆಲ್ಲಿ ಹೋದರು, ನಿಶಾ ಸಾರಂಗ್ ಕೆಲಸ ಹೋದರೂ ಹೇಗೆ ಹೆಸರು ಹೇಳಿ ಮಾತಾಡಿದರು ಎಂದು ಮಕ್ಕಳಿಗೆ ಗೊತ್ತಾಗಲಿ.

ಮನೆಯ ಹುಡುಗಿ ಕೆಲಸ ಬಿಟ್ಟು ಬಂದರೆ ಮೊದಲು ಕೇಳಬೇಕಾದದ್ದು ಜನ ಏನು ಹೇಳುತ್ತಾರೆ ಎಂದಲ್ಲ. ‘ಮಗಾ, ನಿನಗೆ ಬರಬೇಕಾದ ಸಂಬಳ ಬಂತಾ? ಅಲ್ಲಿ ಯಾರಾದರೂ ತೊಂದರೆ ಕೊಟ್ಟರಾ? ದೂರು ಕೊಡುವುದಾದರೆ ನಾವೂ ಬರುತ್ತೇವೆ’ ಎಂದು ಕೇಳಿ. ಹಾಗೆ ಕೇಳುವ ಉಮ್ಮ, ಬಾಪ ಇರುವ ಮನೆಯ ಹುಡುಗಿ ನಾಳೆ ಯಾವ ಆಫೀಸಿನಲ್ಲಿದ್ದರೂ ಬಾಯಿ ಬಿಟ್ಟು ಮಾತಾಡುತ್ತಾಳೆ. ಊರಿನವರ ‘ಅಂತೆ’ಗೆ ಅವಳು ಹೆದರಬೇಕಾಗಿಲ್ಲ.